ಒಂದೇ ಹೊಟ್ಟೆಗೆ ಇಳಿದ ಎರಡು ಮದ್ದು

ಹೊಸಡೋಣಿ, ಕಪ್ಪತಗುಡ್ಡದ ಅಡಿ
ಉರಿಮಾಸದ ಒಂಬತ್ತನೆಯ ದಿನ, ೨೨೮೭

ನಮಗಿಂತ ಮೊದಲು ಬದುಕಿದ ಹಿರಿಯರಿಗೆ ನೀಲಗಂಗಾಳ ಶರಣು.

ಮೇಲಿನ ತಾರೀಕು ನೋಡಿ ನೀವು ಪಂಚಾಂಗ ಹುಡುಕುವುದು ಬೇಡ. ಉರಿಮಾಸ ನಿಮ್ಮ ಲೆಕ್ಕದಲ್ಲಿಲ್ಲ. ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಮ್ಮ ಮುತ್ತಜ್ಜಂದಿರು ಸೇರಿಸಿದ ತಿಂಗಳು ಅದು. ಆ ದಿನಗಳಲ್ಲಿ ಬೆಳಗಿನ ಬಿಸಿಲು ಗೋಡೆಗೆ ತಾಗಿದ ಮೇಲೆ ಯಾರೂ ಹೊರಗೆ ದುಡಿಯಬಾರದೆಂಬ ಕಟ್ಟಳೆ ಇದೆ. ನಾನು ಬರೆಯುವ ಪದಗಳಲ್ಲಿ ಕೆಲವು ನಿಮಗೆ ಹೊಸವಾಗಿರಬಹುದು, ಕೆಲವಕ್ಕೆ ನಿಮ್ಮಲ್ಲಿ ಬೇರೆ ಅರ್ಥವಿರಬಹುದು, ಕ್ಷಮಿಸಬೇಕು. ನಿಮ್ಮ ಬರಹದ ಕನ್ನಡವನ್ನು ನಾನು ಶಾಲೆಯಲ್ಲಿ ಓದಿ ಕಲಿತದ್ದು. ಆದರೆ ನಮ್ಮವರು ಆಡಿದ ಮಾತುಗಳನ್ನು ಅವರು ಆಡಿದ ಹಾಗೆಯೇ ಬರೆಯುತ್ತೇನೆ. ಗುಡ್ಡದ ಕೆಳಗಿನ ಮಾತು ನಿಮ್ಮ ಕಾಲದಿಂದ ಅಷ್ಟೇನೂ ಬದಲಾಗಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಮನೆಯಲ್ಲಿ ಒಬ್ಬರು ತೀರಿಕೊಂಡು ವರ್ಷ ತುಂಬಿದ ಮೇಲೆ, ಉಳಿದವರು ಹಿಂದಿನ ಕಾಲದ ಜನರಿಗೆ ಒಂದು ಓಲೆ ಬರೆದು ಗುಡ್ಡದ ಮೇಲೆ ಕಲ್ಲಿನಡಿ ಇಟ್ಟು ಬರುತ್ತಾರೆ. ಸತ್ತವರು ನಿಮ್ಮ ಕಡೆಗೆ ಹೋಗಿದ್ದಾರೆ, ನೀವು ಅವರನ್ನು ಗುರುತು ಹಿಡಿದು ಕರೆದುಕೊಳ್ಳಬೇಕು ಎಂಬ ಆಸೆಯಿಂದ ಶುರುವಾದ ಪದ್ಧತಿ. ಓಲೆ ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಾನು ನನ್ನ ಅತ್ತೆ ಫಕೀರವ್ವನ ವರ್ಷದ ದಿನ ಇದನ್ನು ಬರೆಯುತ್ತಿದ್ದೇನೆ. ನನ್ನ ಗಂಡ ಕಳಕಪ್ಪ ತೀರಿಕೊಂಡು ವರ್ಷ ತುಂಬಿದಾಗ ಬರೆಯಲು ಕೂತಿದ್ದೆ, ಆಗಲಿಲ್ಲ. ಆದ್ದರಿಂದ ಇದು ಇಬ್ಬರ ಓಲೆ.

ಕಳಕಪ್ಪ ಗಾಳಿಕಂಬಗಳ ರಿಪೇರಿಯವನು. ನಿಮ್ಮ ಕಾಲದಲ್ಲಿ ನಿಲ್ಲಿಸಿದ ಬಿಳಿಯ ಕಂಬಗಳ ಜಾಗದಲ್ಲೇ ನಮ್ಮ ಕಂಬಗಳೂ ನಿಂತಿವೆ. ಊರಿನ ನೀರು, ದೀಪ, ತಂಪುಕೋಣೆ ಎಲ್ಲವೂ ಅವುಗಳಿಂದಲೇ ನಡೆಯಬೇಕು. ಕಂಬದೊಳಗಿನ ಏಣಿ ಹತ್ತಿ ತುದಿಯ ಪೆಟ್ಟಿಗೆಯಂಥ ಕೋಣೆಗೆ ಹೋಗಿ ಹಲ್ಲಿನ ಚಕ್ರಗಳಿಗೆ ಎಣ್ಣೆ ಬಿಡಬೇಕು, ಸವೆದದ್ದನ್ನು ಬದಲಿಸಬೇಕು. ಆ ಕೋಣೆ ಕಾದ ಒಲೆಯ ಹಾಗಿರುತ್ತದೆ. ಕುಡಿಯಲು ಒಯ್ದ ನೀರು ಬೆವರಾಗಿ ಹೋಗುತ್ತದೆ. ಮೂತ್ರಪಿಂಡಕ್ಕೆ ಏನೂ ಉಳಿಯುವುದಿಲ್ಲ. ಇಂಥ ಕೆಲಸದವರಿಗೆ ಬರುವ ಬೇನೆಗೆ ನಮ್ಮಲ್ಲಿ ಒಣಬೇನೆ ಎಂಬ ಹೆಸರು. ಮೂತ್ರಪಿಂಡ ನಿಧಾನವಾಗಿ ಒಣಗಿ, ಒಂದು ದಿನ ಕೆಲಸ ನಿಲ್ಲಿಸುತ್ತದೆ. ಕಂಬದವರ ಮನೆಗಳಲ್ಲಿ ಅದನ್ನು ಕಾಣದವರಿಲ್ಲ. ಕಳಕಪ್ಪನ ಅಪ್ಪನೂ ಅದರಿಂದಲೇ ಹೋಗಿದ್ದ.

ನಾನು ಜೋಳದ ಸಿಹಿ ಮಾಡುವ ಕಾರ್ಖಾನೆಯಲ್ಲಿ ಕಿಣ್ವ ಪರೀಕ್ಷಕಿ. ಕಬ್ಬು ಬೆಳೆಯುವಷ್ಟು ನೀರು ನಮ್ಮಲ್ಲಿಲ್ಲ. ಜೋಳದ ಗಂಜಿಗೆ ಕಿಣ್ವ ಹಾಕಿ ದೊಡ್ಡ ಹಂಡೆಗಳಲ್ಲಿ ಬೆಚ್ಚಗಿಟ್ಟರೆ ಅದು ತೆಳುವಾಗಿ, ಸಿಹಿಯಾಗಿ, ಬೆಲ್ಲದ ಪಾಕದಂತಾಗುತ್ತದೆ. ಕಿಣ್ವ ತಾನು ಖರ್ಚಾಗದೆ, ಉದ್ದನೆಯ ಪದಾರ್ಥವನ್ನು ಕತ್ತರಿಸಿ ಕತ್ತರಿಸಿ ಇಡುತ್ತದೆ. ಅದರ ವೇಗ ಎಷ್ಟಿದೆ, ಯಾವುದು ತಗಲಿದರೆ ಕುಂಟುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಒಮ್ಮೆ ಅಳಲೆಕಾಯಿ ನೆನೆಸಿದ ಪಾತ್ರೆಯಲ್ಲೇ ಯಾರೋ ಗಂಜಿ ತುಂಬಿ ತಂದರು. ಅಳಲೆಯ ಒಗರು ಕಿಣ್ವವನ್ನು ಹಿಡಿದು ನಿಲ್ಲಿಸಿಬಿಟ್ಟಿತು. ಹಂಡೆಯ ಗಂಜಿ ಗಂಜಿಯಾಗಿಯೇ ಉಳಿಯಿತು. ಗಿಡಮೂಲಿಕೆಯ ರಸ ಕಿಣ್ವದ ಕೆಲಸವನ್ನು ಬದಲಿಸಬಲ್ಲದು ಎಂಬುದು ಹೀಗೆ ನನಗೆ ಕಣ್ಣಾರೆ ಗೊತ್ತಿತ್ತು. ಆದರೆ ಅದು ಹಂಡೆಯ ವಿಷಯ. ಮನೆಯ ಅಡಿಗೆಕೋಣೆಯಲ್ಲಿ ಏನು ನಡೆಯುತ್ತಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಅತ್ತೆಯ ಬದುಕು ಗುಡ್ಡದ ಮೇಲಿತ್ತು. ನಿಮ್ಮ ನಂತರದ ಎರಡು ತಲೆಮಾರುಗಳಲ್ಲಿ ಕಪ್ಪತಗುಡ್ಡದ ಗಿಡಗಳು ಬಹುಪಾಲು ಉರಿದು ಹೋದವು. ಬೀಜಗಳು ಮಾತ್ರ ತಂಪುಕೋಣೆಗಳಲ್ಲಿ ಉಳಿದಿದ್ದವು. ಅವನ್ನು ತಂದು ಮೊಳೆಯಿಸಿ ಮತ್ತೆ ಗುಡ್ಡಕ್ಕೆ ಹಚ್ಚುವ ಹೆಂಗಸರ ಗುಂಪಿನಲ್ಲಿ ಅತ್ತೆ ಮೊದಲಿನವಳು. ಕಲ್ಗಂಧಿ ಎಂಬ ಗಿಡವನ್ನು ಬದುಕಿಸಿದವಳು ಅವಳೇ. ಬಂಡೆಯ ಬಿರುಕಿನಲ್ಲಿ ಬೆಳೆಯುವ, ಬೂದುಬಣ್ಣದ ಎಲೆಯ ಗಿಡ. ಅದರ ಕಷಾಯ ಕುಡಿದರೆ ಹಸಿವು ಹುಟ್ಟುತ್ತಿತ್ತು, ಕೀಲುನೋವು ಇಳಿಯುತ್ತಿತ್ತು. ನಾನೇ ಬಾಣಂತನದಲ್ಲಿ ಕುಡಿದು ಎದ್ದವಳು. ನನ್ನ ಮಗು ಉಳಿಯಲಿಲ್ಲ; ನಾನು ಉಳಿದದ್ದು ಅತ್ತೆಯ ಆರೈಕೆಯಿಂದ. ಆಗ ಅವಳು ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಕುಡಿಸಿದ್ದು ಈಗಲೂ ನಾಲಿಗೆಗೆ ಕಹಿಯಾಗಿ ನೆನಪಿದೆ.

ಕಳಕಪ್ಪನಿಗೆ ಒಣಬೇನೆ ಬಂದಾಗ ಡಾಕ್ಟರು ಬೇರೆಯವರ ಮೂತ್ರಪಿಂಡ ಜೋಡಿಸಬೇಕೆಂದರು. ನನ್ನದು ಹೊಂದಲಿಲ್ಲ. ಅತ್ತೆಯದು ಹೊಂದಿತು. ವಯಸ್ಸಾಗಿದೆ, ಯೋಚಿಸಿ ಹೇಳಿ ಎಂದು ಡಾಕ್ಟರು ಅಂದದ್ದಕ್ಕೆ ಅವಳು, "ಒಂಬತ್ತು ತಿಂಗಳ ಇಡೀ ಅಂವನ್ನ ಹೊಟ್ಯಾಗ ಇಟಗೊಂಡಿದ್ನಿ. ಈಗ ನಂದೊಂದು ತುಣುಕ ಅಂವ ಇಟಗೊಳ್ಳಲಿ, ಏನಾತು?" ಎಂದಳು. ಆಪರೇಷನ್ ಆದ ಮೇಲೆ ತಾಯಿ ಮಗನನ್ನು ಅಕ್ಕಪಕ್ಕದ ಮಂಚಗಳಲ್ಲಿ ಮಲಗಿಸಿದ್ದರು. ಅವನ ಮೂತ್ರದ ಚೀಲ ತುಂಬುವುದನ್ನು ಅವಳು ಮಲಗಿದಲ್ಲಿಂದಲೇ ನೋಡುತ್ತ, ನೋವಿನಲ್ಲೂ ನಗುತ್ತಿದ್ದಳು.

ದೇಹ ಬೇರೆಯವರ ಅಂಗವನ್ನು ಶತ್ರುವೆಂದು ತಿಳಿದು ಕೊಲ್ಲಲು ನೋಡುತ್ತದೆ, ಅದು ಹೆತ್ತ ತಾಯಿಯದಾದರೂ ಸರಿ. ಅದನ್ನು ತಡೆಯಲು ಬದುಕಿರುವವರೆಗೂ ದಿನಾ ಒಂದು ಮಾತ್ರೆ ನುಂಗಬೇಕು. ನಮ್ಮವರು ಅದಕ್ಕೆ ಒಪ್ಪಿಗೆ ಗುಳಿಗೆ ಎನ್ನುತ್ತಾರೆ, ದೇಹವನ್ನು ಒಪ್ಪಿಸುವ ಗುಳಿಗೆಯಾದ್ದರಿಂದ. ರಕ್ತದಲ್ಲಿ ಅದು ಹೆಚ್ಚಾದರೆ ವಿಷ, ಕಡಿಮೆಯಾದರೆ ಅಂಗ ಹೋಯಿತು. ನುಂಗಿದ ಗುಳಿಗೆಯನ್ನು ಯಕೃತ್ತಿನಲ್ಲಿರುವ ಒಂದು ಕಿಣ್ವ ಕತ್ತರಿಸಿ ಹೊರಗೆ ಹಾಕುತ್ತಿರುತ್ತದೆ. ಅದರ ವೇಗ ನೋಡಿಕೊಂಡೇ ಡಾಕ್ಟರು ಗುಳಿಗೆಯ ಪ್ರಮಾಣ ಗೊತ್ತುಮಾಡುತ್ತಾರೆ.

ಮನೆಗೆ ಬಂದ ಮೇಲೆ ಮೊದಲ ಸಲ ತೋರಿಸಲು ಹೋದಾಗ ಅತ್ತೆ ಸೆರಗಿನಲ್ಲಿ ಕಲ್ಗಂಧಿಯ ಎಲೆ ಕಟ್ಟಿಕೊಂಡು ಬಂದಿದ್ದಳು. ಡಾಕ್ಟರ್ ಚೆನ್ನವೀರಯ್ಯನವರ ಮುಂದೆ ಗಂಟು ಬಿಚ್ಚಿ, "ಡಾಕ್ಟರ್ರ, ಇದರ ಕಷಾಯ ಅಂವಗ ಕೊಡಬಹುದೇನ್ರಿ? ಉಣ್ಣಾಕ ಒಲ್ಲೆ ಅಂತಾನ. ಇದು ಹಸಿವಿ ಮಾಡತೈತಿ" ಎಂದು ಕೇಳಿದಳು.

ಡಾಕ್ಟರು ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. ಬಾಗಿಲ ಹೊರಗೆ ರೋಗಿಗಳ ಸಾಲು ಇತ್ತು, ಅವರಿಗೆ ದಣಿವಾಗಿತ್ತು. "ಸೊಪ್ಪಿನಿಂದ ಆಗೂದಿದ್ರ ನಿಮ್ಮ ಕಿಡ್ನಿ ಯಾಕ ತಗೀತಿದ್ವಿ ಅಜ್ಜಿ? ಮನೀಗೆ ಒಯ್ದು ಪಲ್ಯಾ ಮಾಡ್ರಿ ಹೋಗ್ರಿ" ಎಂದರು. ಬಾಗಿಲಲ್ಲಿ ನಿಂತಿದ್ದವರೂ ನಕ್ಕರು. ಅತ್ತೆ ಎಲೆಗಳನ್ನು ಮತ್ತೆ ಗಂಟು ಕಟ್ಟಿಕೊಂಡಳು. ದಾರಿಯುದ್ದಕ್ಕೂ ಅವಳ ಕಿವಿ ಕೆಂಪಾಗಿದ್ದುದು ನನಗೆ ಕಂಡಿತು. ಕೊಡಬೇಡಿ ಎಂದು ಡಾಕ್ಟರು ಹೇಳಲಿಲ್ಲ. ಪಲ್ಯ ಮಾಡಿ ಎಂದರೆ, ಉಪಯೋಗವಿಲ್ಲದಿದ್ದರೂ ತೊಂದರೆ ಇಲ್ಲ ಎಂದೇ ಅವಳು ಅರ್ಥ ಮಾಡಿಕೊಂಡಳು. ನಾನೂ ಅವಳ ಜಾಗದಲ್ಲಿದ್ದಿದ್ದರೆ ಹಾಗೇ ತಿಳಿಯುತ್ತಿದ್ದೆ.

ಅಂದಿನಿಂದ ಅವಳು ಕಲ್ಗಂಧಿಯ ಕಷಾಯವನ್ನು ಬೆಳಗಿನ ಅಂಬಲಿಗೆ ಬೆರೆಸಿ, ಮಜ್ಜಿಗೆ ಬೆಳ್ಳುಳ್ಳಿ ಹಾಕಿ ಅವನಿಗೆ ಕೊಡತೊಡಗಿದಳು. ನನಗೆ ಹೇಳಲಿಲ್ಲ. ನಾನು ಅಳತೆ ಪರೀಕ್ಷೆಯ ಕೆಲಸದವಳು, ನಾನೂ ನಗುತ್ತೇನೆಂದು ಅವಳ ಅಂಜಿಕೆ. ಕಳಕಪ್ಪನಿಗೆ ಗೊತ್ತಿತ್ತು. ತಾಯಿಯ ಮರ್ಯಾದೆ ಇನ್ನೊಮ್ಮೆ ಹೋಗಬಾರದೆಂದು ಅವನೂ ಬಾಯಿ ಬಿಡಲಿಲ್ಲ. ಹಸಿವು ನಿಜಕ್ಕೂ ಬಂತು. ಎರಡು ರೊಟ್ಟಿ ತಿನ್ನುತ್ತಿದ್ದವನು ನಾಲ್ಕು ತಿಂದ. ಗಲ್ಲ ತುಂಬಿಕೊಂಡವು. ಸಂಜೆ ತಂಪಾದ ಮೇಲೆ ನಾವಿಬ್ಬರೂ ಕಂಬಗಳ ಸಾಲಿನ ಕೆಳಗೆ ಅಡ್ಡಾಡುತ್ತಿದ್ದೆವು. ಯಾವ ಕಂಬದ ಸದ್ದು ಸರಿಯಿಲ್ಲ ಎಂದು ಅವನು ಕಿವಿಗೊಟ್ಟು ಹೇಳುತ್ತಿದ್ದ. ಆ ಕೆಲವು ತಿಂಗಳು ನಾವು ಸುಖವಾಗಿದ್ದೆವು.

ಆಮೇಲೆ ಕಾಲು ಬಾತವು. ಮೂತ್ರ ಕಡಿಮೆಯಾಯಿತು. ರಕ್ತ ಪರೀಕ್ಷೆಯಲ್ಲಿ ಒಪ್ಪಿಗೆ ಗುಳಿಗೆ ಇರಬೇಕಾದಷ್ಟು ಇರಲಿಲ್ಲ.

"ಗುಳಿಗಿ ಬಿಟ್ಟೀರೇನು?" ಎಂದು ಡಾಕ್ಟರು ಕೇಳಿದರು.

"ಇಲ್ರಿ, ಒಂದಿನಾನೂ ಬಿಟ್ಟಿಲ್ರಿ."

"ಖರೇ ಹೇಳ್ರಿ. ಬೈಯೂದಿಲ್ಲ."

"ಖರೇನ ಹೇಳಾಕತ್ತೇನ್ರಿ."

ಡಾಕ್ಟರು ಪ್ರಮಾಣ ಹೆಚ್ಚಿಸಿದರು. ಮುಂದಿನ ಸಲವೂ ರಕ್ತದಲ್ಲಿ ಗುಳಿಗೆ ಕಡಿಮೆಯೇ ಇತ್ತು. ಅವರು ಮತ್ತೆ ಕೇಳಲಿಲ್ಲ. ಅವನ ಹೆಸರಿನ ಮುಂದೆ ಉದಾಸೀನ ಎಂದು ಬರೆದರು. ಈ ಪದ ನಿಮ್ಮಲ್ಲಿ ಮನಸ್ಸಿನ ಒಂದು ಸ್ಥಿತಿಗೆ ಹೇಳುವಂಥದು. ನಮ್ಮಲ್ಲಿ, ಕೊಟ್ಟ ಮದ್ದನ್ನು ಸರಿಯಾಗಿ ತೆಗೆದುಕೊಳ್ಳದವರಿಗೆ ಹಾಕುವ ಗುರುತು. ರಕ್ತ ತೊಳೆಯುವ ಯಂತ್ರಗಳು ನಿಮ್ಮ ಕಾಲದಲ್ಲಿ ಊರೂರಿಗೆ ಇದ್ದವಂತೆ. ನಮ್ಮ ಇಡೀ ಜಿಲ್ಲೆಗೆ ಇರುವುದು ಕೆಲವೇ, ಅವೂ ಗಾಳಿ ಬೀಸಿದಾಗ ನಡೆಯುವಂಥವು. ಉದಾಸೀನ ಎಂಬ ಗುರುತು ಬಿದ್ದವರಿಗೆ ಸರದಿ ಎಲ್ಲರಿಗಿಂತ ಕೊನೆಗೆ ಬರುತ್ತದೆ.

ಊರಿಗೆಲ್ಲ ಸುದ್ದಿ ತಿಳಿಯಿತು. ಅತ್ತೆ ಆಸ್ಪತ್ರೆಯ ಮಂಚದ ಪಕ್ಕ ನಿಂತು, "ನನ್ನ ಹೊಟ್ಟಿ ಕೊಯ್ಸಿಕೊಂಡು ಕೊಟ್ಟೇನಪಾ. ಒಂದು ಗುಳಿಗಿ ನುಂಗಾಕ ನಿನಗ ಬ್ಯಾಸರಾತೇನು?" ಎಂದು ಅತ್ತಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ನೀರು ತರಲು ಹೋದಾಗ ನನ್ನ ಕೈ ಹಿಡಿದು, "ನೀಲಾ, ನೀನರ ನಂಬತೀಯಿಲ್ಲೋ?" ಎಂದ.

"ನಂಬತೇನಿ."

"ಅಷ್ಟ ಸಾಕು" ಎಂದ. ಆದರೆ ಅವನಿಗೆ ಅದು ಸಾಕಾಗಿರಲಿಲ್ಲ. ಬಾಗಿಲ ಹತ್ತಿರ ಯಾರ ಹೆಜ್ಜೆ ಕೇಳಿದರೂ ಕತ್ತು ಎತ್ತಿ ನೋಡುತ್ತಿದ್ದ. ಡಾಕ್ಟರು ಬಂದು ತಪ್ಪು ತಿಳಿದೆವು ಎನ್ನುತ್ತಾರೆಂದು ಕಾದನೋ ಏನೋ. ಯಂತ್ರದ ಸರದಿ ಬರಲಿಲ್ಲ. ಜ್ಯೇಷ್ಠದ ಮೊದಲ ಮೋಡ ಕಂಡ ದಿನ ಮಧ್ಯಾಹ್ನ ಅವನು ಹೋದ. ಮಣ್ಣಿಗೆ ಬಂದ ಕಂಬದ ಗೆಳೆಯರು ಕೂಡ, ಛೇ, ಗುಳಿಗಿ ಬಿಡಬಾರದಿತ್ತು ಎಂದು ತಮ್ಮ ತಮ್ಮಲ್ಲೇ ಅಂದುಕೊಂಡರು. ನನಗೆ ಕೇಳಿಸಿತು.

ಮಳೆಗಾಲ ಕಳೆಯಿತು. ನಾನೂ ಅತ್ತೆಯೂ ಒಂದೇ ಸೂರಿನಡಿ, ಒಬ್ಬರ ಕಣ್ಣು ಒಬ್ಬರು ತಪ್ಪಿಸಿಕೊಂಡು ಇದ್ದೆವು. ಒಂದು ಬೆಳಗ್ಗೆ ಡಂಬಳದಿಂದ ಮಾಬೂಬಿ ಎಂಬ ಹೆಂಗಸು ಬಂದಳು. ಅವಳಿಗೂ ಅಕ್ಕನ ಮೂತ್ರಪಿಂಡ ಜೋಡಿಸಿದ್ದರು. ಇನ್ನೂ ಎಳೆ ಪ್ರಾಯದವಳು, ಕಂಕುಳಲ್ಲಿ ಕೂಸು ಇತ್ತು. ಅತ್ತೆ ಅವಳಿಗೆ ಒಣಗಿದ ಎಲೆಯ ಪೊಟ್ಟಣ ಕಟ್ಟಿಕೊಡುತ್ತ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ಹೋದ ಸಲದಂಗ ಅಂಬಲಿಗೆ ಬೆರಸಿ ಕುಡಿ. ನನ್ನ ಮಗಾನೂ ದಿನಾ ಕುಡೀತಿದ್ದ, ಭಾಳ ಚಲೋ ಹಸಿವಿ ಆಗಿತ್ತು. ಗುಳಿಗಿ ಮಾತ್ರ ಬಿಡಬ್ಯಾಡ ನನ ಮಗಳ. ಅಂವ ಅದನ್ನ ಬಿಟ್ಟು ಕೆಟ್ಟ."

ಅಳಲೆಕಾಯಿಯ ಹಂಡೆ ಕಣ್ಣ ಮುಂದೆ ಬಂತು. ಆದರೆ ಅಲ್ಲಿ ಕಿಣ್ವ ನಿಂತಿತ್ತು. ಇಲ್ಲಿ ಗುಳಿಗೆ ಕಡಿಮೆಯಾಗಬೇಕಾದರೆ ಕಿಣ್ವ ಓಡಬೇಕಿತ್ತು. ಹೊರಟ ಮಾಬೂಬಿಯನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ, "ಸ್ವಲ್ಪ ದಿನ ಇದನ್ನ ಕುಡೀಬ್ಯಾಡವಾ. ಮೊದಲ ರಕ್ತಾ ತೋರಿಸು, ನಾನೂ ಬರತೇನಿ" ಎಂದೆ. ಅವಳು ಗಾಬರಿಯಿಂದ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟಳು. ಅವಳ ರಕ್ತದಲ್ಲೂ ಗುಳಿಗೆ ಕಡಿಮೆ ಇತ್ತು.

ಪೊಟ್ಟಣ ಹಿಡಿದುಕೊಂಡು ಡಾಕ್ಟರ ಬಳಿ ಹೋದೆ. ಗಂಡ ಗುಳಿಗೆ ಬಿಟ್ಟಿರಲಿಲ್ಲವೆಂದು ತೋರಿಸಬೇಕು, ಆ ಗುರುತು ಅಳಿಸಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಈ ಸಲ ಅವರು ನಗಲಿಲ್ಲ. ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಯಕೃತ್ತಿನ ತೆಳು ಚೂರುಗಳನ್ನು ಗಾಜಿನ ಬಟ್ಟಲುಗಳಲ್ಲಿ ಜೀವಂತ ಇಡುತ್ತಾರೆ. ನಾವಿಬ್ಬರೂ ಅಲ್ಲಿ ಕೂತೆವು. ಒಂದು ಸಾಲಿನ ಬಟ್ಟಲುಗಳಿಗೆ ಬರೀ ಒಪ್ಪಿಗೆ ಗುಳಿಗೆಯ ದ್ರವ ಹಾಕಿದೆವು, ಇನ್ನೊಂದು ಸಾಲಿಗೆ ಅದರ ಜೊತೆ ಕಲ್ಗಂಧಿಯ ರಸ. ಸಂಜೆಯವರೆಗೆ ಅಳೆದೆವು. ಎರಡೂ ಸಾಲುಗಳಲ್ಲಿ ಗುಳಿಗೆ ಒಂದೇ ವೇಗದಲ್ಲಿ ಕರಗಿತು. ಎಲೆ ಕಿಣ್ವವನ್ನು ಮುಟ್ಟಿಯೂ ಇರಲಿಲ್ಲ.

ನನಗೆ ಹಿಗ್ಗಾಯಿತು. ಗಂಡನ ಹೆಸರು ತೊಳೆಯಲು ಬಂದವಳು, ಅತ್ತೆಯ ಎಲೆ ನಿರಪರಾಧಿ ಎಂದು ಕಂಡು ಜೋರಾಗಿ ನಕ್ಕುಬಿಟ್ಟೆ. ಆ ಕ್ಷಣ ನನಗೆ ಅವಳು ಎಷ್ಟು ಬೇಕಾಗಿದ್ದಳೆಂದು ತಿಳಿಯಿತು.

ಡಾಕ್ಟರು ಮಾತ್ರ ಬಟ್ಟಲುಗಳನ್ನೇ ನೋಡುತ್ತಿದ್ದರು. "ಇಷ್ಟಕ್ಕ ಬಿಡೂದು ಬ್ಯಾಡ ಅಕ್ಕಾರ" ಎಂದರು. "ಇದ್ದ ಕಿಣ್ವಕ್ಕ ಎಲಿ ಏನೂ ಮಾಡಿಲ್ಲ, ಖರೆ. ಹೊಸಾ ಕಿಣ್ವ ಹುಟ್ಟಸ್ತೈತೇನೋ ನೋಡಬೇಕಲ್ಲ. ಅದಕ್ಕ ವ್ಯಾಳ್ಯಾ ಬೇಕು. ನಿಮ್ಮ ಮನ್ಯಾಗ ದಿನಾ ಕುಡೀತಿದ್ರು."

ಹೊಸ ಚೂರುಗಳನ್ನು ಎಲೆಯ ರಸ ಬೆರೆಸಿದ ದ್ರವದಲ್ಲಿ ಕೆಲವು ದಿನ ಇಟ್ಟೆವು. ಆಮೇಲೆ ಗುಳಿಗೆ ಹಾಕಿ ಅಳೆದೆವು. ಬರೀ ದ್ರವದ ಬಟ್ಟಲುಗಳಲ್ಲಿ ಗುಳಿಗೆ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುವಾಗ, ಎಲೆಯ ಬಟ್ಟಲುಗಳಲ್ಲಿ ಅದರ ಸುಳಿವೇ ಇರಲಿಲ್ಲ. ಕಲ್ಗಂಧಿ ಯಕೃತ್ತನ್ನು ಎಚ್ಚರಿಸಿ ಮತ್ತಷ್ಟು ಮತ್ತಷ್ಟು ಕಿಣ್ವ ಮಾಡಿಸಿತ್ತು. ಕಳಕಪ್ಪ ನುಂಗಿದ ಪ್ರತಿಯೊಂದು ಗುಳಿಗೆಯನ್ನೂ ಅವನ ದೇಹವೇ ಕತ್ತರಿಸಿ ಚೆಲ್ಲಿತ್ತು. ಎಲೆ ಬಿಟ್ಟ ಮಾಬೂಬಿಯ ರಕ್ತದಲ್ಲಿ ಗುಳಿಗೆ ನಿಧಾನವಾಗಿ ಮೇಲೇರಿತು. ಅವಳು ಉಳಿದಳು.

ಡಾಕ್ಟರು ಕಳಕಪ್ಪನ ಹೆಸರಿನ ಮುಂದಿನ ಗುರುತನ್ನು ನನ್ನೆದುರೇ ಅಳಿಸಿದರು. "ನಾ ಅವತ್ತು ನಕ್ಕಿದ್ದು ನಿಮಗ ನೆನಪೈತೇನ್ರಿ?" ಎಂದು ಕೇಳಿದರು.

"ನಮ್ಮ ಅತ್ತಿಗೆ ನೆನಪೈತ್ರಿ" ಎಂದೆ.

ಮನೆಯ ದಾರಿ ಹಿಡಿದೆ. ಗಂಡ ಗೆದ್ದಿದ್ದ. ಅವನ ಗೆಲುವನ್ನು ಅವನ ತಾಯಿಗೆ ಹೇಗೆ ಹೇಳುವುದು? ತನ್ನ ಒಡಲಿನ ತುಂಡು ಕೊಟ್ಟು ಬದುಕಿಸಿದವಳಿಗೆ, ನಿನ್ನ ಕೈಯ ಅಂಬಲಿಯೇ ಅದನ್ನು ಕೊಂದಿತು ಎಂದು ಯಾವ ಬಾಯಿಂದ ಹೇಳಲಿ? ಸುಮ್ಮನಿರಬಹುದಿತ್ತು. ಹೇಗೂ ಅವನು ತಿರುಗಿ ಬರುವುದಿಲ್ಲ. ಆದರೆ ಅವಳು ಎಲೆ ಕೊಡುತ್ತಿದ್ದದ್ದು ಮಾಬೂಬಿಗೆ ಮಾತ್ರವಲ್ಲ. ಸುತ್ತಲ ಊರುಗಳಿಂದ ಬಂದವರಿಗೆಲ್ಲ ಕಟ್ಟಿಕೊಟ್ಟಿದ್ದಳು, ಒಂದು ಹಿಡಿ ಜೋಳವನ್ನೂ ತೆಗೆದುಕೊಳ್ಳದೆ. ಯಾರು ಯಾರೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಮರುದಿನ ಬೆಳಗ್ಗೆ ಗುಡ್ಡಕ್ಕೆ ಹೋದೆ. ಅವಳು ಚಪ್ಪರದ ನೆರಳಲ್ಲಿ ಸಸಿಗಳಿಗೆ ಮಣ್ಣು ತುಂಬುತ್ತಿದ್ದಳು. ಎದುರು ಕೂತು ಎಲ್ಲವನ್ನೂ ಹೇಳಿದೆ, ಬಟ್ಟಲು, ಯಕೃತ್ತು, ಕಿಣ್ವ, ಎಲೆ. ಅವಳ ಕೈ ನಿಂತಿತು. ಆಮೇಲೆ ತಲೆ ಎತ್ತಿ ಕೇಳಿದ್ದು ತನ್ನ ವಿಷಯವನ್ನಲ್ಲ.

"ಹಂಗಾದ್ರ ಅಂವ ಗುಳಿಗಿ ಬಿಟ್ಟಿರಲಿಲ್ಲ?"

"ಬಿಟ್ಟಿರಲಿಲ್ಲ ಅತ್ತಿ."

"ಒಂದಿನಾನೂ?"

"ಒಂದಿನಾನೂ."

"ನಾ ಬೈದ್ನಲ್ಲವ್ವಾ ಅವನ್ನ" ಎಂದಳು. "ಸಾಯೂ ಮಗನ್ನ ಬೈದ್ನಿ. ಅಂವ ಒಂದು ಮಾತು ತಿರಗಿ ಆಡಲಿಲ್ಲ. ನಾ ಕೊಟ್ಟಿದ್ದು ಕುಡದು, ನನ್ನ ಕಡಿಂದನ ಬೈಸಿಕೊಂಡು ಹೋದ." ಮಣ್ಣಾದ ಕೈಗಳಿಂದಲೇ ಮುಖ ಮುಚ್ಚಿಕೊಂಡಳು. ನಾನು ಹತ್ತಿರ ಸರಿದು ಹಿಡಿದುಕೊಂಡೆ. ಎಲೆ ಕೆಟ್ಟದ್ದಲ್ಲ, ನನ್ನನ್ನು ಬದುಕಿಸಿದ್ದು ಅದೇ ಅಲ್ಲವೇ, ಆ ಗುಳಿಗೆಯ ಜೊತೆ ಸೇರಬಾರದಿತ್ತು ಅಷ್ಟೇ ಎಂದು ಏನೇನೋ ಹೇಳಿದೆ. ಅವಳಿಗೆ ಕೇಳಿಸಿತೋ ಇಲ್ಲವೋ.

ಆಮೇಲೆ ಎದ್ದು ಕೈ ತೊಳೆದಳು. ಸೆರಗಿನಿಂದ ಮುಖ ಒರೆಸಿಕೊಂಡು, "ನಡೀ, ಡೋಣಿ ಶಿವಕ್ಕಗ ಹೇಳಬೇಕು. ಅಕಿ ಗಂಡಗೂ ಕಿಡ್ನಿ ಹಾಕ್ಯಾರ" ಎಂದಳು.

ಎಲೆ ಒಯ್ದವರ ಮನೆಗಳಿಗೆಲ್ಲ ಹೋದೆವು. ನಾನು ಹೇಳುತ್ತೇನೆಂದರೆ ಬಿಡಲಿಲ್ಲ. ಪ್ರತಿ ಮನೆಯ ಕಟ್ಟೆಯ ಮೇಲೂ ಅವಳೇ ಕೂತು, "ನನ್ನ ಮಗಾ ಗುಳಿಗಿ ಬಿಟ್ಟಿರಲಿಲ್ಲವ್ವಾ. ನಾ ಕೊಟ್ಟ ಕಷಾಯ ಅದನ್ನ ಇರಗೊಡಲಿಲ್ಲ. ನೀವು ಕುಡೀಬ್ಯಾಡ್ರಿ" ಎಂದು ಹೇಳಿದಳು. ಕೆಲವರು ಅತ್ತರು, ಕೆಲವರು ಅವಳಿಗೆ ಶಾಪ ಹಾಕಿದರು. ಒಂದು ಮನೆಗೆ ನಾವು ತಡವಾಗಿ ಮುಟ್ಟಿದ್ದೆವು. ಆ ಮನೆಯ ವಿಷಯ ಬರೆಯಲಾರೆ.

ಗುಡ್ಡದ ಹೆಂಗಸರು ಕಲ್ಗಂಧಿಯನ್ನು ಕಿತ್ತು ಹಾಕೋಣವೇ ಎಂದು ಕೇಳಿದಾಗ ಅತ್ತೆ ಬೇಡವೆಂದಳು. ತಾನು ಮಾತ್ರ ಮತ್ತೆ ಅದನ್ನು ಮುಟ್ಟಲಿಲ್ಲ. ಮನೆಯಲ್ಲಿ ಅಂಬಲಿ ಕಾಸುವುದನ್ನೂ ಬಿಟ್ಟಳು. ಡಾಕ್ಟರ್ ಚೆನ್ನವೀರಯ್ಯನವರು ಒಂದು ದಿನ ಮನೆಗೇ ಬಂದು, ಅವಳ ಕಾಲ ಬಳಿ ಕೂತು ತಪ್ಪಾಯಿತೆಂದರು. ಅವಳು ಅವರನ್ನು ಏಳಿಸಿ ನೀರು ಕೊಟ್ಟಳು. "ತಪ್ಪಾತು ಅಂದ್ರ ನನ್ನ ಮಗ ಬರಂಗಿಲ್ಲ. ಮುಂದ ಕೇಳ್ರಿ, ಏನು ಕುಡೀತೀರಿ ಅಂತ ಎಲ್ಲಾರನೂ ಕೇಳ್ರಿ" ಎಂದಳು.

"ಕೇಳೇನಿ ಅಜ್ಜಿ. ನನಗ ಯಾರೂ ಹೇಳವಲ್ರು" ಎಂದರು ಅವರು.

ಮಾರನೆಯ ವಾರದಿಂದ ಅತ್ತೆ ಆಸ್ಪತ್ರೆಯ ಪಡಸಾಲೆಯಲ್ಲಿ ಕೂರತೊಡಗಿದಳು. ಒಳಗೆ ಹೋಗುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮನೆಯಲ್ಲಿ ಏನು ಕುದಿಸುತ್ತೀರಿ, ಯಾವ ಬೇರು, ಯಾವ ತೊಗಟೆ ಎಂದು ವಿಚಾರಿಸುವಳು. ಡಾಕ್ಟರಿಗೆ ಹೇಳದ್ದನ್ನು ಜನ ಅವಳಿಗೆ ಹೇಳಿದರು. ಅವಳು ತಂದ ಎಲೆ ಬೇರುಗಳನ್ನು ಡಾಕ್ಟರೂ ನಾನೂ ಒಂದೊಂದಾಗಿ ಬಟ್ಟಲಿಗೆ ಹಾಕಿ ಅಳೆದೆವು. ಕೆಲವು ಕಿಣ್ವವನ್ನು ಓಡಿಸಿದವು. ಕೆಲವು ಅದರ ಕೈ ಕಟ್ಟಿಹಾಕಿ, ಹೊರಹೋಗಬೇಕಾದ ಮದ್ದು ಒಳಗೇ ತುಂಬಿ ವಿಷವಾಗುವಂತೆ ಮಾಡಿದವು. ಬಹಳಷ್ಟು ಏನನ್ನೂ ಮಾಡಲಿಲ್ಲ. ನಿಮ್ಮ ಕಾಲದವರು ಇದರಲ್ಲಿ ಎಷ್ಟನ್ನು ಅಳೆದಿಟ್ಟಿದ್ದೀರೆಂದು ಹುಡುಕಿದೆವು. ಕೆಲವು ಗಿಡಗಳದು ಸಿಕ್ಕಿತು. ನಮ್ಮ ಗುಡ್ಡದ ಗಿಡಗಳ ಬಗ್ಗೆ ಸಿಕ್ಕಿದ್ದರಲ್ಲಿ ಹೆಚ್ಚಿನದು ಹೊಗಳಿಕೆ, ಉಳಿದದ್ದು ಗೇಲಿ.

ನಡೆದಾಟವೋ, ಬಿಸಿಲೋ, ಅತ್ತೆಗೆ ಉಳಿದಿದ್ದ ಒಂದು ಮೂತ್ರಪಿಂಡವೂ ಒಣಗಿತು. ಅವಳಿಗೆ ಯಂತ್ರದ ಸರದಿ ಸಿಕ್ಕಿತ್ತು. ಹೋದ ಉರಿಮಾಸದಲ್ಲಿ ಗಾಳಿ ಪೂರಾ ನಿಂತು ಕಂಬಗಳು ತಿರುಗಲಿಲ್ಲ, ಯಂತ್ರ ನಡೆಯಲಿಲ್ಲ. ಕೊನೆಯ ದಿನ ಬೆಳಗ್ಗೆ ಮಾಬೂಬಿ ಅವಳ ಪಾದ ತಿಕ್ಕುತ್ತ ಕೂತಿದ್ದಳು. ನಾನು ಬಾಯಿಗೆ ನೀರು ಬಿಡಲು ಹೋದೆ. ಅವಳು ನನ್ನ ಕೈ ಸರಿಸಿ, "ಅಳಬ್ಯಾಡ ನೀಲವ್ವಾ. ಅಂವನ ಸಂಗಾಟ ನಂದೊಂದು ತುಣುಕ ಆವಾಗಲೇ ಮಣ್ಣಾಗೈತಿ. ಉಳದಿದ್ದು ಈಗ ಹೊಂಟೈತಿ" ಎಂದಳು. "ನಾ ಹೋದ ಮ್ಯಾಲ ಪಡಸಾಲ್ಯಾಗ ಯಾರು ಕೂಡ್ರವರು?" ಎಂದು ಕೇಳಿದಳು. ನಾನು ಕೂರುತ್ತೇನೆಂದೆ.

ಈಗ ಅಲ್ಲಿ ಕೂರುತ್ತೇನೆ. ಅವಳಿಗೆ ಹೇಳಿದಷ್ಟು ಸಲೀಸಾಗಿ ಜನ ನನಗೆ ಹೇಳುವುದಿಲ್ಲ. ಮನೆಗೆ ಬಂದರೆ ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡ ಇಬ್ಬರು, ಒಬ್ಬರ ಮೇಲೊಬ್ಬರಿಗಿದ್ದ ಮಮತೆಯಿಂದಲೇ ಬಾಯಿ ಮುಚ್ಚಿಕೊಂಡು ಹೋದರು. ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯುವುದಿಲ್ಲ.

ಹಿರಿಯರೆ, ಎಲೆಯನ್ನು ಬಿಡಿ ಎಂದಾಗಲಿ, ಗುಳಿಗೆಯನ್ನು ಬಿಡಿ ಎಂದಾಗಲಿ ನಾನು ಹೇಳುತ್ತಿಲ್ಲ. ನಿಮ್ಮ ಗುಡ್ಡಗಳಲ್ಲಿ ಗಿಡಗಳು ಇನ್ನೂ ಹಸಿರಾಗಿವೆ. ಅವನ್ನು ಹೊಗಳುವುದರ ಜೊತೆಗೆ ಅಳೆದೂ ಇಡಿ. ಮದ್ದು ಬರೆಸಿಕೊಳ್ಳಲು ಹೋದಾಗ ಮನೆಯಲ್ಲಿ ಕುಡಿಯುವುದೆಲ್ಲವನ್ನೂ ಮುಚ್ಚಿಡದೆ ಹೇಳಿ. ಬರೆದುಕೊಡುವವರಾಗಿದ್ದರೆ, ಸೆರಗಿನ ಗಂಟು ಬಿಚ್ಚಿ ಯಾರಾದರೂ ಏನಾದರೂ ತೋರಿಸಿದಾಗ ಎಷ್ಟೇ ದಣಿದಿದ್ದರೂ ನಗಬೇಡಿ. ಇದೇನು, ಯಾರಿಗೆ ಕೊಡುತ್ತೀರಿ, ಎಷ್ಟು ದಿನದಿಂದ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ಎದ್ದು ಹೋಗಬೇಡಿ.

ಬಿಸಿಲು ಇಳಿಯುತ್ತಿದೆ. ಇದನ್ನು ಗುಡ್ಡಕ್ಕೆ ಒಯ್ಯಬೇಕು. ತಾಯಿ ಮಗ ಇಬ್ಬರೂ ನಿಮ್ಮ ಕಡೆ ಬಂದಿದ್ದರೆ, ಬೇರೆ ಬೇರೆ ಕೂತಿದ್ದರೆ, ದಯವಿಟ್ಟು ಹತ್ತಿರ ಕೂರಿಸಿ. ಅವರಿಗೆ ಮಾತಾಡಿಕೊಳ್ಳುವುದು ಬಾಕಿ ಉಳಿದಿದೆ.

ಶರಣು.

ನೀಲಗಂಗಾ